ಹಬ್ಬದ ದಿನದ ಬುದ್ಧಿವಾದ

ಕ್ರಿಸ್‌ಮಸ್ ದಿನ ನಮ್ಮ ಬಂಧುಬಳಗವೆಲ್ಲ ಒಂದೇ ಮನೆಯಲ್ಲಿ ಸೇರುವುದು ವಾಡಿಕೆ. ಅಡುಗೆ ಏನೆಂದು ನಿಶ್ಚಯವಾಗುವುದಕ್ಕೂ ಮೊದಲು ಚರ್ಚೆಗೆ ಬರುವ ವಿಷಯವೆಂದರೆ ನಮ್ಮ ಸೋದರಮಾವನವರನ್ನು ಯಾರ ಪಕ್ಕದಲ್ಲಿ ಕೂರಿಸಬೇಕೆಂಬುದು. ಅವರು ಕುಡಿದು ರಂಪ ಮಾಡುವವರಲ್ಲ; ಆದರೆ ಎದುರಿಗಿರುವವರಿಗೆ ಎಲ್ಲಿ ನೋವಿದೆಯೋ ಅಲ್ಲಿಗೇ ಬೆರಳಿಡುವುದು ಅವರಿಗೆ ಕರಗತ. ಕೆಲಸ ಕಳೆದುಕೊಂಡವನ ಬಳಿ ಸಂಬಳ ವಿಚಾರಿಸುತ್ತಾರೆ. ಉಡುಗೊರೆ ಕೈಗೆ ಬಂದರೆ, ಬೆಲೆಯ ಚೀಟಿ ಎಲ್ಲಾದರೂ ಉಳಿದಿದೆಯೇ ಎಂದು ಕೊಟ್ಟವರ ಮುಂದೆಯೇ ಹಿಂದುಮುಂದು ತಿರುವಿ ನೋಡುತ್ತಾರೆ.

ಕಳೆದ ವರ್ಷ ಅವರ ಬಾಯಿಗೆ ಸಿಕ್ಕಿದವಳು ನನ್ನ ತಂಗಿಯ ಪುಟ್ಟ ಮಗಳು. ಯೇಸುವಿನ ಜನನವನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿಯಲ್ಲಿ, ಶಿಶುವನ್ನು ಕಾಣಲು ಕಾಣಿಕೆ ಹೊತ್ತು ಬಂದ ಜೋಯಿಸರ ಸಾಲಿಗೆ ಅವಳು ತಾನೇ ಜೇಡಿಮಣ್ಣಿನಲ್ಲಿ ಮಾಡಿದ ನಾಲ್ಕನೆಯ ಗೊಂಬೆಯನ್ನು ಸೇರಿಸಿದ್ದಳು. "ಬಂದವರು ಮೂವರೆಂದೂ ಗೊತ್ತಿಲ್ಲವೇ? ನಿಮ್ಮಮ್ಮ ಕಲಿಸಿದ್ದು ಇಷ್ಟೇಯೋ?" ಎನ್ನುತ್ತ, ಇನ್ನೂ ಸರಿಯಾಗಿ ಒಣಗದಿದ್ದ ಆ ಗೊಂಬೆಯನ್ನು ಕತ್ತು ಹಿಡಿದು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಮತ್ತಾಯನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಜೋಯಿಸರು ಎಷ್ಟು ಮಂದಿ ಎಂಬ ಲೆಕ್ಕವೇ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳ ಹೆಸರಿರುವುದರಿಂದ ತಂದವರೂ ಮೂವರೇ ಇದ್ದಿರಬೇಕೆಂಬ ನಂಬಿಕೆ ಬೆಳೆದುಬಂದಿದೆ. ಅದನ್ನೇ ನಾನು ಹೇಳಿದೆ. (ದಿನವೂ ಬೈಬಲ್ ಓದುವವರಿಗೆ ನಾನು ಹೇಳಬೇಕಾಗಿ ಬಂದದ್ದು ಬೇರೆ ಮಾತು.)

ಕೂಡಲೇ ಅತ್ತೆ ನನ್ನ ಕಡೆ ತಿರುಗಿ, "ಹಬ್ಬದ ದಿನ ನೀನಾದರೂ ಸುಮ್ಮನಿರಬಾರದೇ?" ಎಂದರು. ನನಗೆ ಮಾವನ ಮಾತಿಗಿಂತ ಹೆಚ್ಚಾಗಿ ಚುಚ್ಚಿದ್ದು ಆ 'ನೀನಾದರೂ'. ಇಂತಹ ಕೂಟಗಳಲ್ಲಿ ಹಬ್ಬದ ಹೆಸರಿನಲ್ಲಿ ಬುದ್ಧಿವಾದ ಕೇಳಬೇಕಾದವರು ಯಾವಾಗಲೂ ನೊಂದವರೇ ಹೊರತು, ನೋಯಿಸಿದವರಲ್ಲ; ಅವರದು 'ಸ್ವಭಾವವೇ ಹಾಗೆ' ಎಂದು ತೀರ್ಮಾನವಾಗಿಬಿಟ್ಟಿರುತ್ತದೆ. ಅವರಿಗೆ ತಕ್ಕಂತೆ ಕುರ್ಚಿಗಳು ಜರುಗುತ್ತವೆ, ಮಾತಿನ ವಿಷಯಗಳು ಬದಲಾಗುತ್ತವೆ, ಮಕ್ಕಳನ್ನು ಒಳಗಿನ ಕೋಣೆಗೆ ಕಳುಹಿಸಲಾಗುತ್ತದೆ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೆ ಅವರು ಬದಲಾಗಬೇಕಾದರೂ ಏಕೆ?

ಅವರನ್ನು ಕರೆಯುವುದೇ ಬೇಡವೆಂದು ತಂಗಿ ಈ ಬಾರಿ ಹಟ ಹಿಡಿದಿದ್ದಳು. ನಾನು ಒಪ್ಪಲಿಲ್ಲ. ಬದಲಿಗೆ ಮೊದಲೇ ಫೋನ್ ಮಾಡಿ, "ಮಾವ, ನೀವು ಬರಲೇಬೇಕು, ಆದರೆ ಮಗುವಿಗೆ ಹಾಗೆಲ್ಲ ಅಂದರೆ ನಾನು ಎಲ್ಲರ ಎದುರೇ ತಡೆಯುತ್ತೇನೆ," ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟ ಎಷ್ಟು ಗಂಟೆಗೆ ಎಂದು ಕೇಳಿದರು.