ಕಾಫಿಯಿಲ್ಲದ ಅರ್ಧ ಗಂಟೆ

9 ನವೆಂಬರ್ 2025, ಭಾನುವಾರ

ಭಾನುವಾರ ಅಮ್ಮ ಮೂಳೆಗೆಂದು ವಾರಕ್ಕೊಮ್ಮೆ ನುಂಗುವ ಮಾತ್ರೆಯ ದಿನ. ಬರಿಹೊಟ್ಟೆಯಲ್ಲಿ ಒಂದು ತುಂಬು ಲೋಟ ನೀರಿನೊಂದಿಗೆ ಅದನ್ನು ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ಮಾತ್ರೆ ಅನ್ನನಾಳದಲ್ಲಿ ಅಂಟಿ ನಿಂತರೆ ಹುಣ್ಣಾಗಬಹುದು, ಕಾಫಿ ಕುಡಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎದ್ದೊಡನೆ ಕಾಫಿ ಕುಡಿದು ಎಪ್ಪತ್ತೆರಡು ವರ್ಷ ಮುಟ್ಟಿದ ಅಮ್ಮನಿಗೆ ಆ ಅರ್ಧ ಗಂಟೆ ಯಾರ ಮೇಲಾದರೂ ಮುನಿಸು. ಇಂದು ಅದು ರಾಗಿಯ ಮೇಲೆ ತಿರುಗಿತು.

"ಎರಡು ಹೊತ್ತು ಮುದ್ದೆ ತಿಂದು, ಬಾವಿಯಿಂದ ನೀರು ಸೇದಿ ಬೆಳೆದ ಮೈ ಇದು. ಇದಕ್ಕೆಂಥ ಮೂಳೆ ಸವೆತ ಕಣೇ?" ಎಂದಳು.

ಮಂಡಿನೋವಿಗೂ ಇದಕ್ಕೂ ನಾವು ಒಂದೇ ಹೆಸರಿಟ್ಟು ಕೆಟ್ಟಿದ್ದೇವೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಅಮ್ಮನದು ಮೂಳೆಯೇ ಒಳಗೊಳಗೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್, ಮುರಿಯುವ ತನಕ ಸಾಮಾನ್ಯವಾಗಿ ನೋವನ್ನೇ ಕೊಡದ ಕಾಯಿಲೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯದಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಯೋಚನೆಯೇ ನಮಗೆ ಬರುತ್ತಿರಲಿಲ್ಲ. ಆ ಸಾಂದ್ರತೆಯನ್ನು ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 2.5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಈ ಹೆಸರು. ಅಮ್ಮನ ಬೆನ್ನುಮೂಳೆಯದು ಮೈನಸ್ 2.9.

ಆ ರಾಗಿ ವ್ಯರ್ಥವಾಗಲಿಲ್ಲ, ಮೂವತ್ತರ ವಯಸ್ಸಿನ ಹೊತ್ತಿಗೆ ಮೂಳೆಯಲ್ಲಿ ಕೂಡಿಟ್ಟದ್ದನ್ನೇ ಮುಟ್ಟು ನಿಂತ ಮೇಲೆ ಮೈ ಭರಭರನೆ ಖರ್ಚು ಮಾಡುತ್ತದೆ ಎಂದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು. ಅವಳಿಗೆ ದಿನಕ್ಕೆ ಬೇಕಾದದ್ದು 1200. ಈಗಿನ ಅವಳ ಊಟವೋ, ಅರ್ಧ ಮುದ್ದೆ, ತಿಳಿಸಾರು, ಮೇಲೆ ಎರಡು ಹೋಳು ಉಪ್ಪಿನಕಾಯಿ. ಉಪ್ಪು ಹೆಚ್ಚಿದಷ್ಟೂ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ ಎಂದದ್ದಕ್ಕೆ ಗಡಿಯಾರ ನೋಡಿದಳು. ಇನ್ನೂ ಹನ್ನೆರಡು ನಿಮಿಷವಿತ್ತು. ನುಗ್ಗೆಸೊಪ್ಪು, ಸಿಪ್ಪೆ ತೆಗೆಯದ ಎಳ್ಳಿನ ಪುಡಿ, ಮೊಳಕೆಕಾಳಿನ ಸಾರು ಇವಕ್ಕೆ ತಕರಾರಿಲ್ಲದೆ ಒಪ್ಪಿದಳು, ಏಕೆಂದರೆ ಮಾಡುವವಳು ನಾನು.

ಒಪ್ಪದಿದ್ದದ್ದು ವ್ಯಾಯಾಮವನ್ನು. ಬಿದ್ದಾಗಿನಿಂದ ಅಮ್ಮ ಕುರ್ಚಿ ಬಿಟ್ಟು ಏಳುವುದೇ ಅಪರೂಪ, ಮತ್ತೆ ಬಿದ್ದೇನೆಂಬ ಭಯ. ಆದರೆ ಭಾರ ಬೀಳದ ಮೂಳೆ ಇನ್ನಷ್ಟು ಟೊಳ್ಳಾಗುತ್ತದೆ, ತೊಡೆಯ ಸ್ನಾಯು ಸೊರಗಿದರೆ ಬೀಳುವುದೂ ಸುಲಭವಾಗುತ್ತದೆ. ಫಿಸಿಯೋ ಹುಡುಗಿ ಹೇಳಿಕೊಟ್ಟದ್ದು ಮೂರೇ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅದನ್ನೇ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು. ಜೊತೆಗೆ, ಬೆನ್ನು ಬಾಗಿಸಿ ಬಕೆಟ್ ಎತ್ತಬಾರದು, ಸೊಂಟ ಬಗ್ಗಿಸಿ ರಂಗೋಲಿ ಹಾಕಬಾರದು.

ಕೊನೆಯದು ಅಮ್ಮನ ಎದೆಗೆ ನಾಟಿದೆಯೆಂದು ಇಂದು ಗೊತ್ತಾಯಿತು. "ರಂಗೋಲಿ ಬೇಡವೆಂದವರ ವ್ಯಾಯಾಮ ನನಗೇಕೆ?" ಎಂದು ಕಾಫಿಲೋಟಕ್ಕೆ ಕೈ ಚಾಚಿದಳು. ಅರ್ಧ ಗಂಟೆ ಮುಗಿದಿತ್ತು.

ಮಧ್ಯಾಹ್ನ ನಾನು ಬಚ್ಚಲ ಬಾಗಿಲಿನ ಜಾರುವ ಕಾಲೊರಸನ್ನು ಎತ್ತಿ ಬಿಸಾಡಿದೆ. ಸಂಜೆಗೆ ಅದು ಅಲ್ಲಿಯೇ ಮರಳಿತ್ತು.

ನನಗೂ ಐವತ್ತೊಂದು. ಸೋಫಾದಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ, ಇರಲಿ.

ನಾಳೆ ಕಾರ್ತಿಕ ಸೋಮವಾರ. ನಮ್ಮ ತುಳಸಿಕಟ್ಟೆ ಅಮ್ಮನ ಸೊಂಟದೆತ್ತರಕ್ಕಿದೆ, ಅದರ ಅಂಚು ಒಂದು ಗೇಣು ಅಗಲ. ನೆಟ್ಟಗೆ ನಿಂತೇ ಅಲ್ಲೊಂದು ಎಳೆ ರಂಗೋಲಿ ಎಳೆಯಬಹುದು, ಎಡಗೈಗೆ ಹಿಡಿಯಲು ಕಟ್ಟೆಯೂ ಇದೆ. ಹಾಗೆ ಎಳೆಯುವಾಗ ಒಂದು ಹಿಮ್ಮಡಿಯನ್ನು ತುಸು ಎತ್ತೆಂದರೆ ಅವಳು...