ಹಳೇ ಮನೆಯಲ್ಲಿ ಚಳಿ ಆಗಲ್ವಾ ಅಂತ ಕೇಳುವವರಿಗೆ

"ಆ ಹಳೇ ಮನೆಯಲ್ಲಿ ಚಳಿ ಆಗಲ್ವಾ? ಒಂದೆರಡು ಹೀಟರ್ ಹಾಕಿಸಬಾರದಾ?"

ಮದುವೆ ಮನೆಯಲ್ಲಿ, ಸಂತೆಯಲ್ಲಿ, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಹೆಂಚಿನ ಮಾಡು. ಕಟ್ಟಿ ನೂರು ವರ್ಷ ದಾಟಿದೆ. ಹೌದು, ಚಳಿ ಆಗುತ್ತದೆ. ಇಲ್ಲ, ಹೀಟರ್ ಹಾಕಿಸುವುದಿಲ್ಲ. ಕೆಲವರು "ಪಾಪ, ಇನ್ನೂ ಅಲ್ಲೇ ಇದ್ದೀರಾ" ಅಂತಲೇ ಶುರು ಮಾಡುತ್ತಾರೆ. ಆ ಪಾಪ ನಮಗೆ ಬೇಡ. ನಾವು ಇಷ್ಟಪಟ್ಟೇ ಇಲ್ಲಿದ್ದೇವೆ.

ಹೀಟರ್ ಪರೀಕ್ಷೆಯೂ ಆಗಿದೆ. ಒಂದು ಹುತ್ತರಿ ಹಬ್ಬಕ್ಕೆ ನನ್ನ ತಮ್ಮ ಬೆಂಗಳೂರಿನಿಂದ 2,000 ವಾಟ್‌ನ ಹೀಟರ್ ತಂದ. ಅತ್ತೆಯ ಕೋಣೆಯಲ್ಲಿ ಇಟ್ಟ. ಪ್ರೀತಿಯಿಂದಲೇ ತಂದಿದ್ದ, ಅದು ನನಗೆ ಗೊತ್ತು. ಅದು ಗಂಟೆಗೆ 2 ಯೂನಿಟ್ ತಿನ್ನುತ್ತದೆ. ರಾತ್ರಿ 5 ಗಂಟೆ ಹಾಕಿದರೆ 10 ಯೂನಿಟ್. ಎದುರಿಗೆ ಕೂತ ಅತ್ತೆಯ ಮೊಣಕಾಲು ಸುಡುತ್ತಿತ್ತು, ಬೆನ್ನು ಮಾತ್ರ ತಣ್ಣಗೇ ಇತ್ತು.

ಬಿಸಿ ಎಲ್ಲಿ ಹೋಗುತ್ತಿದೆ ಅಂತ ನೋಡೋಣ ಎಂದು ದೇವರ ಗೂಡಿನಿಂದ ಒಂದು ಊದುಬತ್ತಿ ತಂದು ಹಚ್ಚಿದೆ. ಕಿಟಕಿಯ ಹತ್ತಿರ ಹಿಡಿದಾಗ ಹೊಗೆ ಒಳಗೆ ಬಾಗಿತು. ಬಾಗಿಲ ಕೆಳಗೆ ಹಿಡಿದರೆ ಪೂರ್ತಿ ಮಲಗಿಬಿಟ್ಟಿತು. ಸ್ಟೂಲ್ ಹತ್ತಿ, ಗೋಡೆ ಮುಗಿದು ಮಾಡು ಶುರುವಾಗುವ ಜಾಗಕ್ಕೆ ಹಿಡಿದೆ. ಯಾರೋ ದಾರ ಎಳೆದ ಹಾಗೆ ಹೊಗೆ ಸರ್ರನೆ ಹೆಂಚಿನ ಸಂದಿಗೆ ಹೋಯಿತು. ನಾವು ದುಡ್ಡು ಕೊಟ್ಟು ಆಕಾಶಕ್ಕೆ ಬಿಸಿ ಕಳಿಸುತ್ತಿದ್ದೆವು.

ಈ ಮಾಡಿಗೂ ಒಂದು ಕಥೆ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಹುಲ್ಲಿನ ಮಾಡೇ ಜಾಸ್ತಿ. ನಮ್ಮ ಮನೆಗೂ ಮೊದಲು ಹುಲ್ಲೇ ಇತ್ತು ಅಂತ ಅತ್ತೆ ಹೇಳುತ್ತಾರೆ. ದಪ್ಪ ಹುಲ್ಲಿನೊಳಗೆ ಗಾಳಿ ಸಿಕ್ಕಿಕೊಂಡು ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ಹೆಂಚು ಬಂದ ಮೇಲೆ ವರ್ಷ ವರ್ಷ ಹುಲ್ಲು ಹೊದಿಸುವ ಕಷ್ಟ ತಪ್ಪಿತು, ಬೆಂಕಿಯ ಭಯವೂ ಕಮ್ಮಿಯಾಯಿತು. ಆದರೆ ಕಂಬಳಿ ಹೋಯಿತು. ಅದಕ್ಕೇ ಅತ್ತೆಯ ಕೋಣೆಗೆ ಮರದ ಮುಚ್ಚಿಗೆ ಹಾಕಿಸಿ, ಹಲಗೆಯ ಮೇಲೆ ಒಂದು ಪದರ ಮಣ್ಣು ಬಳಿಸಿದೆವು. ಹಳಬರು ಮಾಡುತ್ತಿದ್ದದ್ದೇ ಅದು. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಗೆ ದಪ್ಪ ಪರದೆ. ಅಡುಗೆಮನೆಯ ಸಂದಿಗಳನ್ನು ಮಾತ್ರ ಮುಟ್ಟಲಿಲ್ಲ. ಒಲೆಯ ಹೊಗೆ ಆಚೆ ಹೋಗಲೇಬೇಕು. ಇನ್ನೊಂದು ಮಾತು, ದಯವಿಟ್ಟು ಕೇಳಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಆದರೆ ಇದೆಲ್ಲ ಎರಡನೇ ಮಾತು. ಎಲ್ಲರೂ ಚಳಿ ಬಗ್ಗೆ ಕೇಳುತ್ತಾರೆ. ಗೋಡೆ ಒಣಗಿದೆಯಾ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಕೇಳಬೇಕಾದದ್ದು ಅದನ್ನೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಗೋಡೆ ಹೇಗಿರಬೇಡ? ಒದ್ದೆ ಗೋಡೆ ಒಣಗಿದ ಗೋಡೆಗಿಂತ ಬೇಗ ಬಿಸಿ ಬಿಟ್ಟುಕೊಡುತ್ತದೆ. ಅದರಲ್ಲಿರುವ ನೀರು ಆರುವಾಗ ಕೋಣೆಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಒದ್ದೆ ಸೀರೆ ಉಟ್ಟು ನಿಂತರೆ ನಡುಕ ಬರುತ್ತದಲ್ಲ, ಹಾಗೆಯೇ. ಮಣ್ಣಿನ ಗೋಡೆ ಉಸಿರಾಡುತ್ತದೆ, ಹೀರಿಕೊಂಡ ನೀರನ್ನು ಮೆಲ್ಲಗೆ ಬಿಡುತ್ತದೆ. ನಾವು ಅದರ ಬಾಯಿ ಕಟ್ಟಿದ್ದೆವು. ಹಿಂದೊಮ್ಮೆ ಮೇಸ್ತ್ರಿಯೊಬ್ಬರು "ಸಿಮೆಂಟ್ ಹೊಡೆಸಿ ಅಕ್ಕಾ, ಗಟ್ಟಿಯಾಗುತ್ತೆ" ಅಂದರು. ಅತ್ತೆಯ ಕೋಣೆಗೆ ಹೊಡೆಸಿದೆವು. ಮುಂದಿನ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು, ಕಂಬಳಿಗೆ ಬೂಷ್ಟು ಹಿಡಿಯಿತು. ಅತ್ತೆಗೆ ಬಿಡದ ಕೆಮ್ಮು. ಅವರು ಮಂಚವನ್ನು ಗೋಡೆಯಿಂದ ಒಂದು ಮೊಳ ದೂರ ಎಳೆದು ಮಲಗತೊಡಗಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಒಂದು ಮೊಳ ಜಾಗ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಸಿಮೆಂಟನ್ನೆಲ್ಲ ಕೆತ್ತಿಸಿದೆವು. ಒಂದು ಇಡೀ ಬೇಸಿಗೆ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟೆವು. ಆಮೇಲೆ ಸುಣ್ಣ, ಮರಳಿನ ಗಾರೆ. ಹೊರಗಡೆ ಅಂಗಳದ ಮಣ್ಣು ಏರಿ ಏರಿ ಒಳಗಿನ ನೆಲದ ಮಟ್ಟಕ್ಕೇ ಬಂದಿತ್ತು. ಅದನ್ನು ಕಡಿಸಿ, ಸುತ್ತ ಚರಂಡಿ ತೆಗೆಸಿ, ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿಸಿದೆವು. ನನ್ನನ್ನು ಕೇಳಿದರೆ, ಹಳೇ ಮನೆಯವರು ಮೊದಲ ದುಡ್ಡು ಹಾಕಬೇಕಾದದ್ದು ಈ ಚರಂಡಿಗೆ.

ಬೆಂಕಿ ಹೇಗೂ ಮನೆಯಲ್ಲಿತ್ತು. ಮಳೆಗಾಲದಲ್ಲಿ ಸೋಲಾರ್ ನಂಬಿಕೊಂಡು ಸ್ನಾನ ಮಾಡಲು ಆಗುವುದಿಲ್ಲ, ಹಂಡೆ ಒಲೆ ಉರಿಯಲೇಬೇಕು. ಅಡುಗೆಮನೆಯಲ್ಲಿ ಅಸ್ತ್ರ ಒಲೆ ಹಾಕಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿ ಮನೆಗಳಿಗೆ ಅಂತಲೇ ರೂಪಿಸಿದ ಒಲೆ ಅದು. ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತದೆ, ಹೊಗೆ ಕೊಳವೆಯಲ್ಲಿ ಹೋಗುತ್ತದೆ. ತೋಟದ ಸಿಲ್ವರ್ ಓಕ್ ಕೊಂಬೆಗಳನ್ನು ಜನವರಿಯಲ್ಲೇ ಕಡಿದು, ಮಳೆಗೆ ಮೊದಲೇ ಒಣಗಿಸಿ ಕೊಟ್ಟಿಗೆಗೆ ಸೇರಿಸುತ್ತೇವೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚು ಕಮ್ಮಿ ಅರ್ಧ ನೀರೇ ಇರುತ್ತದೆ. ಉರಿಯೆಲ್ಲ ಆ ನೀರು ಆರಿಸುವುದಕ್ಕೇ ಖರ್ಚು.

ಒಲೆಯ ಹಿಂದಿನ ಗೋಡೆಯ ಆಚೆ ಪಕ್ಕವೇ ಅತ್ತೆಯ ಕೋಣೆ. ಬೆಳಗಿನಿಂದ ಕಾದ ಮಣ್ಣು ರಾತ್ರಿಯವರೆಗೂ ಬಿಸಿ ಇಟ್ಟುಕೊಳ್ಳುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು ಅಂತ ನನ್ನ ನಂಬಿಕೆ.

ಹೋದ ಆಗಸ್ಟ್‌ನಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆಯಿತು. ಕರೆಂಟೂ ಇರಲಿಲ್ಲ. ಒಂದು ಬೆಳಿಗ್ಗೆ ಅತ್ತೆಗೆ ಕಾಫಿ ಕೊಡಲು ಹೋದೆ. ಅವರು ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ನನ್ನನ್ನು ನೋಡಿ, "ಆ ಕಡೆ ಸ್ವಲ್ಪ ಹಿಡಿ" ಅಂದರು. ಇಬ್ಬರೂ ಸೇರಿ ಮಂಚವನ್ನು ಮತ್ತೆ ಗೋಡೆಗೆ ತಾಗಿಸಿ ಇಟ್ಟೆವು.