ಕುದಿಯುವ ನೀರಲ್ಲೂ ಜೀವಿ ಇದ್ದರೆ, ನೀರು ಕುದಿಸುವುದು ಯಾಕೆ?

ಮಡಿಕೇರಿಯಲ್ಲಿ ಮಳೆ ಹಿಡಿದ ಕೂಡಲೇ ಶಾಲೆಯಲ್ಲಿ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು, ನೀರು ಕುದಿಸಿ ಕುಡಿಯಿರಿ. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಬ್ಯಾಕ್ಟೀರಿಯಗಳ ಬಗ್ಗೆ ಹೇಳಿಕೊಡುವವಳೂ ನಾನೇ. ಹಾಗಾಗಿ ಪ್ರತಿ ವರ್ಷ ಯಾರಾದರೂ ಕೈ ಎತ್ತುತ್ತಾರೆ. "ಟೀಚರ್, ಕುದಿಯೋ ನೀರಲ್ಲೂ ಅವು ಬದುಕೋದಾದ್ರೆ ಕುದಿಸಿ ಏನು ಪ್ರಯೋಜನ?" ಮಕ್ಕಳ ಅಪ್ಪ ಅಮ್ಮಂದಿರೂ ಕೇಳಿದ್ದಾರೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ನಮ್ಮ ಮನೆ ಹಿಂದೆ ಕಾಫಿ ಸಿಪ್ಪೆ, ಸಗಣಿ ಸೇರಿಸಿದ ಗೊಬ್ಬರದ ಗುಡ್ಡೆ ಇದೆ. ಜನವರಿಯ ಚಳಿ ಬೆಳಗ್ಗೆ ಅದರಿಂದ ಹಬೆ ಏಳುತ್ತದೆ. ಕೈ ಒಳಗಿಟ್ಟರೆ ಸುಡುತ್ತದೆ. ಕೆಳಗೆ ಬೆಂಕಿಯಿಲ್ಲ. ಸಿಪ್ಪೆ ತಿನ್ನುವ ಸೂಕ್ಷ್ಮಜೀವಿಗಳೇ ಆ ಬಿಸಿ ಹುಟ್ಟಿಸುವುದು. ಬಿಸಿ 60 ಡಿಗ್ರಿ ಮುಟ್ಟುವಷ್ಟರಲ್ಲಿ, ಮೊದಲು ಕೆಲಸ ಶುರುಮಾಡಿದ ಹೆಚ್ಚಿನವು ಸತ್ತಿರುತ್ತವೆ. ಬಿಸಿಯೇ ಬೇಕಾದವು ಆಮೇಲೆ ಬೆಳೆಯುತ್ತವೆ. ಅವು ಪಾಪ ಹೇಗೋ ತಡೆದುಕೊಂಡಿವೆ ಅಂದುಕೊಳ್ಳುತ್ತೇವೆ, ಅಲ್ವಾ? ಅವಕ್ಕೆ ಅದೇ ಮನೆ.

ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಬಿಸಿನೀರು ಉಕ್ಕುವ ಬಿರುಕುಗಳಿವೆ. ಮೇಲಿನ ನೀರಿನ ಒತ್ತಡ ಎಷ್ಟೆಂದರೆ, ಅಲ್ಲಿ 100 ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ಅಲ್ಲಿ ಸಿಕ್ಕ ಪೈರೊಲೋಬಸ್ ಫ್ಯೂಮರಿ ಅನ್ನೋ ಸೂಕ್ಷ್ಮಜೀವಿ 113 ಡಿಗ್ರಿಯವರೆಗೂ ಬೆಳೆಯುತ್ತದೆ. ಆದರೆ 90ಕ್ಕಿಂತ ಕೆಳಗೆ ಅದರ ಬೆಳವಣಿಗೆಯೇ ನಿಂತುಹೋಗುತ್ತದೆ. ನಮ್ಮ ಮೈ ಬಿಸಿ 37 ಡಿಗ್ರಿ. ಅಷ್ಟು ಚಳಿಯಲ್ಲಿ ಅದು ನಮಗೇನು ಮಾಡೀತು?

ಟೈಫಾಯ್ಡ್, ಕಾಲರಾ ತರುವ ಬ್ಯಾಕ್ಟೀರಿಯಗಳ ಕತೆ ಇದಕ್ಕೆ ಉಲ್ಟಾ. ಅವಕ್ಕೆ ಈ 37 ಡಿಗ್ರಿಯೇ ಹಿತ. ಮಡಿಕೇರಿ ಎತ್ತರದ ಊರು, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅವನ್ನು ಕೊಲ್ಲಲು ಅಷ್ಟು ಧಾರಾಳ ಸಾಕು. ಕೆಲವು ಬ್ಯಾಕ್ಟೀರಿಯಗಳು ಮಾತ್ರ ಗಟ್ಟಿ ಕವಚದೊಳಗೆ ಸ್ಪೋರ್ ಆಗಿ ಮಲಗಿಬಿಡುತ್ತವೆ, ಬರೀ ಕುದಿಸಿದರೆ ಸಾಯುವುದಿಲ್ಲ. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಕಾಯಿಸುವುದು ಅದಕ್ಕೇ.

ಇಷ್ಟಾದ ಮೇಲೆ ಮುಂದಿನ ಪ್ರಶ್ನೆ: ಇಂಥ ವಿಪರೀತ ಜಾಗಗಳಲ್ಲಿ ಬದುಕುವ ಜೀವಿಗಳಿಂದ ನಮಗೇನು ಲಾಭ?

ಕೊರೋನಾ ಕಾಲದ ಆರ್‌ಟಿ-ಪಿಸಿಆರ್ ನೆನಪಿದೆಯಾ? ಪಿಸಿಆರ್ ಅಂದರೆ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ವಿಧಾನ. ಅದರ ಬೇರು ಅಮೆರಿಕದ ಯೆಲ್ಲೊಸ್ಟೋನ್ ಬುಗ್ಗೆಗಳಲ್ಲಿದೆ. ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಲ್ಲಿ ಹುಡುಕಿದ ಬ್ಯಾಕ್ಟೀರಿಯ ಥರ್ಮಸ್ ಅಕ್ವಾಟಿಕಸ್‌ಗೆ 70 ಡಿಗ್ರಿ ಹಿತ. 1969ರಲ್ಲಿ ಅದರ ವಿವರ ಪ್ರಕಟಿಸಿದರು. ಪಿಸಿಆರ್‌ನಲ್ಲಿ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಲು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಹೆಚ್ಚುಕಡಿಮೆ ನಮ್ಮೂರಿನ ಕುದಿನೀರಿನ ಬಿಸಿ! ಆಮೇಲೆ ತಣಿಸಿ, ಒಂದು ಕಿಣ್ವದಿಂದ ಹೊಸ ಎಳೆ ಕಟ್ಟಿಸಬೇಕು. ಇದು ಹತ್ತಾರು ಸಲ. ಮೊದಲು ಬಳಸುತ್ತಿದ್ದ ಕಿಣ್ವ ಬೆಂದ ಮೊಟ್ಟೆಯ ಬಿಳಿಯ ಹಾಗೆ ಕೆಟ್ಟುಹೋಗುತ್ತಿತ್ತು. ಪ್ರತಿ ಸುತ್ತಿಗೂ ಹೊಸದಾಗಿ ಸೇರಿಸಬೇಕಿತ್ತು. ಥರ್ಮಸ್‌ನ ಕಿಣ್ವ ಆ ಬಿಸಿಗೂ ಜಗ್ಗಲಿಲ್ಲ. ಒಮ್ಮೆ ಹಾಕಿದರೆ ಸಾಕಾಯಿತು, ಯಂತ್ರವೇ ಉಳಿದದ್ದನ್ನು ಮಾಡಿತು. ಪಿಸಿಆರ್ ರೂಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಆದರೆ ನನಗೆ ದೊಡ್ಡದಾಗಿ ಕಾಣುವುದು ಬ್ರಾಕ್ ಅವರ ಕುತೂಹಲ. ಇಷ್ಟು ಬಿಸಿಯಲ್ಲೂ ಏನಾದರೂ ಬದುಕುತ್ತದಾ ಅಂತ ನೋಡಲು ಹೋದವರು ಅವರು.

ಬಟ್ಟೆ ಒಗೆಯುವ ಪುಡಿಯ ನೀರು ಕ್ಷಾರ. ಹಾಲು, ರಕ್ತದ ಕಲೆ ಕರಗಿಸಲು ಅದಕ್ಕೆ ಸೇರಿಸುವ ಕಿಣ್ವಗಳಲ್ಲಿ ಹಲವು ಕ್ಷಾರ ಇಷ್ಟಪಡುವ ಬ್ಯಾಕ್ಟೀರಿಯಗಳಿಂದ ಬಂದವು. ಹುಳಿ ಬೇಕಾದವೂ ಇವೆ. ಅಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ನಿಂಬೆರಸದಷ್ಟು ಹುಳಿಯಲ್ಲಿ ಕಬ್ಬಿಣ, ಗಂಧಕ ಬಳಸಿ ಬದುಕುತ್ತದೆ. ಕಡಿಮೆ ತಾಮ್ರವಿರುವ ಅದಿರನ್ನು ರಾಶಿ ಹಾಕಿ, ಆಮ್ಲದ ನೀರು ಹರಿಸಿ, ಇಂಥ ಬ್ಯಾಕ್ಟೀರಿಯಗಳಿಂದ ತಾಮ್ರ ಕರಗಿಸಿ ತೆಗೆಯುತ್ತಾರೆ. ಚಿಲಿಯ ಗಣಿಗಳಲ್ಲಿ ಇದು ಮಾಮೂಲು.

ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು, "ಹಾಗಾದ್ರೆ ನಮ್ಮನೆ ಕಾಚಂಪುಳಿ ಬಾಟ್ಲಿಯಲ್ಲೂ ಅದು ಇರುತ್ತಾ ಟೀಚರ್?" ಇಲ್ಲಮ್ಮ. ಪಂದಿಕರಿಗೆ ಹಾಕುವ ಕಾಚಂಪುಳಿಯ ಹುಳಿ ಬರುವುದು ಹಣ್ಣಿನಿಂದ. ಕಲ್ಲಿನ ನಡುವೆ ಬದುಕುವ ಈ ಜೀವಿಗೆ ಹಣ್ಣಿನ ಹುಳಿ ವಿಷ.